ನಲವತ್ತು ಕುದುರೆ, ಎರಡು ಜೋಡಿ ಎತ್ತು

ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ರಾಜ್ಯಗಳ ಕಾಡಂಚಿನಲ್ಲಿ ಆಗಸ್ಟ್ ತಿಂಗಳು ಬಂತೆಂದರೆ ಒಂದು ಬಗೆಯ ಪುಟ್ಟ ಬೇಸಾಯ ಶುರುವಾಗುತ್ತದೆ. ಮರಗಳ ನಡುವೆ ಹತ್ತಿಪ್ಪತ್ತು ಗುಂಟೆಯ ಬಯಲು. ಅದರಲ್ಲಿ ಬೈಕಿನ ಮೇಲೆ ಕೂತಂತೆ ಕೂತು ಓಡಿಸುವ, ನಾಲ್ಕು ದಪ್ಪ ಗಾಲಿಗಳ ಒಂದು ಗಾಡಿ. ಗಾಡಿಯ ಬೆನ್ನಿಗೆ ಕಬ್ಬಿಣದ ತಟ್ಟೆಗಳ ಸಾಲು. ಬಿತ್ತುವುದು ಕ್ಲೋವರ್, ಓಟ್ಸ್, ಗೋಧಿ, ಟರ್ನಿಪ್. ಫಸಲು ಮನೆಗೆ ಬರುವುದಿಲ್ಲ. ನಿಂತ ಪೈರನ್ನೇ ಜಿಂಕೆಗಳು ಮೇಯುತ್ತವೆ. ಅಲ್ಲಿಯವರು ಫುಡ್ ಪ್ಲಾಟ್ ಎನ್ನುವ ಇದನ್ನು ಕನ್ನಡದಲ್ಲಿ ಮೇವಿನ ತಾಕು ಎನ್ನಬಹುದು. ಗಾಡಿಯ ಹೆಸರು ಆಲ್ ಟೆರೇನ್ ವೆಹಿಕಲ್, ಎಲ್ಲರ ಬಾಯಲ್ಲಿ ಎಟಿವಿ.

ಇಂಥ ಗಾಡಿಯ ಎಂಜಿನ್ನು ಸಾಮಾನ್ಯವಾಗಿ 500ರಿಂದ 570 ಸಿಸಿಯದು, ಶಕ್ತಿ ಸುಮಾರು 40 ಅಶ್ವಶಕ್ತಿ. ಕರ್ನಾಟಕದ ಹಳ್ಳಿಗಳಲ್ಲಿ ಬಾಡಿಗೆಗೆ ಉಳುವ ಟ್ರ್ಯಾಕ್ಟರಿನದೂ ಹೆಚ್ಚುಕಡಿಮೆ ಅಷ್ಟೇ. ಆ ಟ್ರ್ಯಾಕ್ಟರು ಒಣಗಿದ ಹೊಲವನ್ನೂ ಸೀಳಿ ತಲೆಗಾತ್ರದ ಹೆಂಟೆ ಎಬ್ಬಿಸುತ್ತದೆ. ಎಟಿವಿ ಎಳೆದ ತಟ್ಟೆಗಳಾದರೋ ಮೊದಲ ಸುತ್ತಿನಲ್ಲಿ ಹುಲ್ಲಿನ ತಲೆ ಬಾಚಿದಂತೆ ಗೆರೆ ಕೊರೆದು ಸುಮ್ಮನಾಗುತ್ತವೆ. ಹಾಗಾದರೆ ಉಳಿದ ಕುದುರೆಗಳೆಲ್ಲ ಎಲ್ಲಿ ಹೋದವು?

ಉತ್ತರದ ಎಳೆ ರೈತನಿಗೆ ಗೊತ್ತಿರುವುದೇ. ಕುಂಟೆ ನೆಲಕ್ಕೆ ಕಚ್ಚದಿದ್ದರೆ ಅದರ ಮೇಲೊಂದು ಕಲ್ಲು ಹೇರುತ್ತಾರೆ. ಹಲಗೆ ಹೊಡೆಯುವಾಗ ಮನೆಯ ಹುಡುಗನನ್ನು ಅದರ ಮೇಲೆ ನಿಲ್ಲಿಸುತ್ತಾರೆ. ಎತ್ತು ಅದೇ, ಹಗ್ಗ ಅದೇ. ಬದಲಾದದ್ದು ಭಾರ ಮಾತ್ರ. ಎಟಿವಿ ಬೇಸಾಯದ ಒಳಗುಟ್ಟೂ ಭಾರದ್ದೇ. ಗಾಲಿಯ ಮೇಲಿನ ಭಾರ, ತಟ್ಟೆಯ ಮೇಲಿನ ಭಾರ, ಕೊನೆಗೆ ಬೀಜದ ಮೇಲಿನ ಭಾರ, ಹೀಗೆ ಅದು ಮೂರು ಕಡೆ ಕೆಲಸ ಮಾಡುತ್ತದೆ.

ತಾಕು ಯಾರಿಗಾಗಿ

ಬಿಳಿಬಾಲದ ಜಿಂಕೆ ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲೆಲ್ಲ ಹರಡಿರುವ ಪ್ರಾಣಿ. ಮಿತಿಯಿಲ್ಲದ ಬೇಟೆಯಿಂದ 1900ರ ಹೊತ್ತಿಗೆ ಅದರ ಸಂಖ್ಯೆ ಕೆಲವೇ ಲಕ್ಷಕ್ಕೆ ಕುಸಿದಿತ್ತು. ಬೇಟೆಯ ಕಾನೂನುಗಳು ಬಿಗಿಯಾದವು; 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಚೇತರಿಕೆಗೆ ಮೀಸಲಿಟ್ಟಿತು. ಈಗಿನ ಅಂದಾಜು ಮೂರು ಕೋಟಿಯ ಆಸುಪಾಸು. ಬೇಟೆಯ ಹಂಗಾಮು ಬಹುಪಾಲು ಶರತ್ಕಾಲದಲ್ಲಿ, ಅಂದರೆ ಕಾಡಿನ ಹಸಿರು ಉದುರುವ ಹೊತ್ತಿನಲ್ಲಿ. ಆಗಲೂ ಹಸಿರಾಗಿ ಉಳಿಯುವ ತಾಕು ಜಿಂಕೆಯನ್ನು ಸೆಳೆಯುತ್ತದೆ.

ತಾಕು ಮಾಡುವವರು ಇದನ್ನು ಜಿಂಕೆಯ ಪೋಷಣೆ ಎಂದು ಕರೆಯುವುದುಂಟು. ಅದು ಅರ್ಧ ಸತ್ಯ. ಕಾಡಿನ ಚಿಗುರು, ಓಕ್ ಮರದ ಕಾಯಿ, ಪೊದೆಗಳ ಎಲೆ, ಇವೇ ಜಿಂಕೆಯ ಮುಖ್ಯ ಊಟ. ಅರ್ಧ ಎಕರೆಯ ತಾಕು ಒಂದು ಹಿಂಡಿನ ಹೊಟ್ಟೆ ತುಂಬಿಸಲಾರದು. ಬೇಟೆಗಾರನ ಕಣ್ಣಳತೆಗೆ ಜಿಂಕೆ ಬಂದು ನಿಲ್ಲಲಿ ಎನ್ನುವುದು ಉಳಿದರ್ಧ ಸತ್ಯ. ಟರ್ಕಿ ಕೋಳಿ, ಮೊಲ, ಜೇನುನೊಣಗಳಿಗೂ ತಾಕಿನಿಂದ ಲಾಭವಿದೆ. ಟೆಕ್ಸಾಸ್ ರಾಜ್ಯದಲ್ಲಾದರೆ ಬಂಡೀಪುರದಲ್ಲಿ ಕಾಣುವ ಚುಕ್ಕಿ ಜಿಂಕೆಯೇ ಮೇಯಲು ಬಂದೀತು. 1932ರಲ್ಲಿ ಅಲ್ಲಿಗೆ ತಂದು ಬಿಟ್ಟ ಆ ಜಿಂಕೆ ಇಂದು ಅಲ್ಲಿ ಕಾಡುಪ್ರಾಣಿಯಾಗಿಯೇ ಬದುಕಿದೆ.

ತಾಕು ಇರುವ ಜಾಗಗಳೇ ಎಟಿವಿಯನ್ನು ಅನಿವಾರ್ಯ ಮಾಡಿವೆ. ಹಳೆಯ ಮರಸಾಗಣೆಯ ದಾರಿ, ದಿಮ್ಮಿ ಪೇರಿಸುತ್ತಿದ್ದ ಬಯಲು, ಎರಡು ಗುಡ್ಡಗಳ ನಡುವಿನ ಸಪಾಟು ತುಂಡು ನೆಲ, ಇಂಥಲ್ಲಿಗೆ ಟ್ರ್ಯಾಕ್ಟರು ನುಗ್ಗಬೇಕಾದರೆ ಮರ ಕಡಿಯಬೇಕು. ಒಂದು ಮೀಟರಿಗೆ ತುಸು ಹೆಚ್ಚಿನ ಅಗಲದ ಎಟಿವಿ ಕಾಲುದಾರಿಯಲ್ಲೇ ಹೋಗಿ ಬರುತ್ತದೆ.

ಗಾಲಿ ಎಷ್ಟು ಹಿಡಿದೀತು

ಅಶ್ವಶಕ್ತಿ ಎನ್ನುವುದು ಎಳೆಯುವ ಬಲದ ಅಳತೆಯಲ್ಲ. ಆ ಬಲ ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದರ ಅಳತೆ. 75 ಕೆಜಿ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಅಶ್ವಶಕ್ತಿ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದರ ಶಕ್ತಿ ನೆಲಕ್ಕೆ ತಲುಪುವುದು ಗಾಲಿ ಮಣ್ಣನ್ನು ಹಿಡಿದರೆ ಮಾತ್ರ. ಕೆಸರಿನಲ್ಲಿ ಹೂತ ಕಾರಿನ ಎಂಜಿನ್ ಗರ್ಜಿಸುತ್ತದೆ, ಗಾಲಿ ಗಿರಗಿರ ತಿರುಗುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ಕೊರತೆ ಶಕ್ತಿಯದಲ್ಲ, ಹಿಡಿತದ್ದು.

ಹಿಡಿತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಗಾಲಿಯ ಮೇಲೆ ಎಷ್ಟು ಭಾರ ಕೂತಿದೆ, ಮತ್ತು ಕೆಳಗಿನ ನೆಲ ಎಂಥದು. ಬೇರು ಬಿಟ್ಟ ಗಟ್ಟಿ ಹುಲ್ಲುನೆಲದಲ್ಲಿ ನಾಲ್ಕೂ ಗಾಲಿ ತಿರುಗುವ ಗಾಡಿ ತನ್ನ ತೂಕದ ಸುಮಾರು ಅರ್ಧದಷ್ಟು ಬಲದಿಂದ ಎಳೆಯಬಲ್ಲದು. ಒಮ್ಮೆ ಉತ್ತು ಸಡಿಲವಾದ ಮಣ್ಣಿನಲ್ಲಿ ಆ ಪ್ರಮಾಣ ಹತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಎಟಿವಿಯ ತೂಕ ಸುಮಾರು 320 ಕೆಜಿ, ಸವಾರ 80 ಕೆಜಿ, ಒಟ್ಟು 400 ಕೆಜಿ ಎಂದಿಟ್ಟುಕೊಂಡರೆ ಹುಲ್ಲುನೆಲದಲ್ಲಿ 200 ಕೆಜಿಯಷ್ಟು, ಸಡಿಲ ಮಣ್ಣಿನಲ್ಲಿ 160 ಕೆಜಿಯಷ್ಟು ಎಳೆತ ಸಿಗುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಗಾಲಿ ಜಾರುತ್ತದೆ.

ಈ ಅಂಕಿಯನ್ನು ಎತ್ತಿನ ಲೆಕ್ಕಕ್ಕೆ ತಂದರೆ ಸ್ವಾರಸ್ಯವಿದೆ. ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲದ್ದು ತನ್ನ ಮೈತೂಕದ ಸುಮಾರು ಹತ್ತನೇ ಒಂದು ಪಾಲು. ತಲಾ 400 ಕೆಜಿಯ ಒಂದು ಜೋಡಿ 80 ಕೆಜಿಯಷ್ಟು ಎಳೆಯುತ್ತದೆ. ಅಂದಮೇಲೆ ಸಡಿಲ ಮಣ್ಣಿನಲ್ಲಿ ಎಟಿವಿಯ ಎಳೆತ ಎರಡು ಜೋಡಿ ಎತ್ತಿನದಕ್ಕೆ ಸರಿಸಮ. ಗಾಡಿ ಗಂಟೆಗೆ ಆರೂವರೆ ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂದುಕೊಂಡು ಗುಣಿಸಿದರೆ ಮಣ್ಣಿಗೆ ತಲುಪಿದ ಶಕ್ತಿ ನಾಲ್ಕು ಅಶ್ವಶಕ್ತಿಗೂ ತುಸು ಕಡಿಮೆ. ಮಿಕ್ಕ ಮೂವತ್ತಾರು ಕುದುರೆಗಳು ಲಾಯದಲ್ಲೇ ಉಳಿದಿವೆ. 40 ಅಶ್ವಶಕ್ತಿಯ ಟ್ರ್ಯಾಕ್ಟರು ಹೆಚ್ಚು ಆಳ ಉಳುವುದು ಅದರ ಕುದುರೆಗಳು ಬೇರೆ ತಳಿಯವು ಎಂದಲ್ಲ. ಅದು ಎರಡು ಟನ್ ಹತ್ತಿರ ತೂಗುತ್ತದೆ.

ಎಟಿವಿಯ ಕೈಪಿಡಿಯಲ್ಲಿ ಅರ್ಧ ಟನ್‌ಗೂ ಹೆಚ್ಚು ಭಾರ ಎಳೆಯಬಲ್ಲದು ಎಂದು ಬರೆದಿರುತ್ತಾರಲ್ಲ ಎಂಬ ಪ್ರಶ್ನೆ ಏಳಬಹುದು. ಅದು ಗಾಲಿಯ ಮೇಲೆ ಉರುಳುವ ಟ್ರೇಲರಿನ ಲೆಕ್ಕ. ಗಟ್ಟಿ ನೆಲದ ಮೇಲೆ 500 ಕೆಜಿಯ ಟ್ರೇಲರು ಉರುಳಲು 25 ಕೆಜಿಯಷ್ಟು ಎಳೆತ ಸಾಕು. ಮಣ್ಣನ್ನು ಸೀಳುವ ಕಬ್ಬಿಣ ಉರುಳುವುದಿಲ್ಲ, ಅದು ಹೆಜ್ಜೆಹೆಜ್ಜೆಗೂ ತಡೆಯುತ್ತದೆ. ತಾಕು ಮಾಡಲು ಹೊಸದಾಗಿ ಹೊರಟವರು ಹೆಚ್ಚಾಗಿ ಮೋಸಹೋಗುವುದು ಈ ಒಂದು ಅಂಕಿಯಿಂದಲೇ.

ತಟ್ಟೆ ಏಕೆ ತೇಲುತ್ತದೆ

ನೇಗಿಲಿಗೂ ತಟ್ಟೆಗೂ ಒಂದು ಮೂಲ ವ್ಯತ್ಯಾಸವಿದೆ. ನೇಗಿಲಿನ ಗುಳ ಮುಂದಕ್ಕೆ, ಕೆಳಕ್ಕೆ ಮೂತಿ ಚಾಚಿರುತ್ತದೆ. ಎಳೆದಾಗ ಮಣ್ಣೇ ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಉಳುವವನು ಮೇಳಿಯನ್ನು ಒತ್ತುವುದಕ್ಕಿಂತ ಆಳ ಹೆಚ್ಚಾಗದಂತೆ ತಡೆಯುವುದೇ ಹೆಚ್ಚು. ಆದರೆ ಎಟಿವಿಗೆ ರೆಕ್ಕೆ ನೇಗಿಲು ಹೊರೆ. ಒಂದಡಿ ಅಗಲ, ಅರ್ಧ ಅಡಿ ಆಳದ ಒಂದೇ ಸಾಲಿಗೆ ಸಾಧಾರಣ ಗೋಡು ಮಣ್ಣಿನಲ್ಲೂ 160ರಿಂದ 300 ಕೆಜಿಯವರೆಗೆ ಎಳೆತ ಬೇಕಾಗುತ್ತದೆ. ಗಾಡಿಯ ಮಿತಿ ಅಲ್ಲಿಗೇ ಮುಗಿಯಿತು.

ಆದ್ದರಿಂದ ತಟ್ಟೆಗಳ ಮೊರೆ. ಡಿಸ್ಕ್ ಹ್ಯಾರೋ ಎಂಬ ಈ ಉಪಕರಣಕ್ಕೆ ತಟ್ಟೆ ಕುಂಟೆ ಎಂಬ ಹೆಸರು ಒಪ್ಪುತ್ತದೆ. ಸುಮಾರು 40 ಸೆಂಟಿಮೀಟರ್ ಅಡ್ಡಳತೆಯ, ಬಾಣಲೆಯಂತೆ ತಗ್ಗಿರುವ ಎಂಟು ಹತ್ತು ತಟ್ಟೆಗಳು ಎರಡು ಸಾಲಾಗಿ ಅಚ್ಚಿಗೆ ಪೋಣಿಸಿರುತ್ತವೆ. ಅಚ್ಚು ನೇರವಾಗಿದ್ದರೆ ತಟ್ಟೆ ಸುಮ್ಮನೆ ಗಾಲಿಯಂತೆ ಉರುಳಿಹೋಗುತ್ತದೆ. ಅಚ್ಚನ್ನು ಹದಿನೈದಿಪ್ಪತ್ತು ಡಿಗ್ರಿ ಓರೆ ಮಾಡಿದಾಗ ತಟ್ಟೆ ಉರುಳುತ್ತಲೇ ಅಡ್ಡಕ್ಕೆ ಜಾರುತ್ತದೆ, ಮಣ್ಣನ್ನು ಕೆತ್ತಿ ಮಗ್ಗುಲಿಗೆ ಮಗುಚುತ್ತದೆ. ಬೇರು, ಕಲ್ಲು ಅಡ್ಡ ಬಂದರೆ ನೇಗಿಲಿನಂತೆ ಸಿಕ್ಕಿಕೊಳ್ಳದೆ ಹತ್ತಿ ದಾಟಿಬಿಡುತ್ತದೆ. ಕಾಡುನೆಲಕ್ಕೆ ಇದು ದೊಡ್ಡ ಅನುಕೂಲ.

ಆದರೆ ತಟ್ಟೆಯನ್ನು ಮಣ್ಣು ಒಳಕ್ಕೆ ಸೆಳೆಯುವುದಿಲ್ಲ, ಮೇಲಕ್ಕೇ ತಳ್ಳುತ್ತದೆ. ಒಳಗಿಳಿಯಲು ಅದಕ್ಕಿರುವುದು ತನ್ನ ತೂಕ ಮಾತ್ರ. ಇಲ್ಲಿ ನೋಡಬೇಕಾದದ್ದು ಉಪಕರಣದ ಒಟ್ಟು ತೂಕವನ್ನಲ್ಲ, ಒಂದೊಂದು ತಟ್ಟೆಯ ಪಾಲಿಗೆ ಬಂದ ತೂಕವನ್ನು. ಎಟಿವಿಯ 120 ಕೆಜಿಯ ಹತ್ತು ತಟ್ಟೆಯ ಕುಂಟೆಯಲ್ಲಿ ತಲಾ 12 ಕೆಜಿ. ದೊಡ್ಡ ಟ್ರ್ಯಾಕ್ಟರಿನ ಭಾರಿ ಕುಂಟೆಗಳಲ್ಲಿ ತಲಾ 50 ಕೆಜಿಗೂ ಮಿಕ್ಕಿರುತ್ತದೆ. ಮೊಂಡು ಚಾಕುವಿನಿಂದ ಕುಂಬಳಕಾಯಿ ಹೆಚ್ಚುವಾಗ ಮೈಭಾರ ಹಾಕಬೇಕಾಗುತ್ತದಲ್ಲ, ಹಾಗೆಯೇ ಇದೂ. ಅಂಚು ಹರಿತ ಮಾಡಿದರೆ, ಅಥವಾ ಅಂಚಿನಲ್ಲಿ ಹಲ್ಲಿನಂತೆ ಕಚ್ಚು ಕಡಿದ ತಟ್ಟೆ ಬಳಸಿದರೆ ಅದೇ ಭಾರ ಚಿಕ್ಕ ಜಾಗದ ಮೇಲೆ ಕೂತು ಆಳಕ್ಕೆ ಇಳಿಯುತ್ತದೆ.

ಎರಡು ಭಾರಗಳ ಹಗ್ಗಜಗ್ಗಾಟ

ಹಾಗಿದ್ದರೆ ಕುಂಟೆಯ ಮೇಲೆ ಸಿಮೆಂಟ್ ಇಟ್ಟಿಗೆ, ಮರಳುಚೀಲ ಹೇರುತ್ತ ಹೋದರಾಯಿತಲ್ಲ? ಎಲ್ಲರೂ ಮೊದಲು ಮಾಡುವುದು ಅದನ್ನೇ. ಸ್ವಲ್ಪ ದೂರ ಅದು ಫಲ ಕೊಡುತ್ತದೆ, ಆಮೇಲೆ ಗಾಡಿ ನಿಲ್ಲುತ್ತದೆ. ತಟ್ಟೆ ಕುಂಟೆಯನ್ನು ಎಳೆಯಲು ಬೇಕಾದ ಬಲವೂ ಅದರ ತೂಕದ ಜೊತೆಗೇ ಏರುವುದರಿಂದ ಹೀಗಾಗುತ್ತದೆ. ಕೃಷಿ ಎಂಜಿನಿಯರುಗಳ ಹಳೆಯ ಕೈಲೆಕ್ಕದ ಪ್ರಕಾರ ಮರಳುಗೋಡು ಮಣ್ಣಿನಲ್ಲಿ ಕುಂಟೆಯ ತೂಕದ 0.8ರಷ್ಟು, ಮೆಕ್ಕಲುಗೋಡಿನಲ್ಲಿ 1.2ರಷ್ಟು, ಜೇಡಿಯಲ್ಲಿ 1.5ರಷ್ಟು ಎಳೆತ ಬೇಕು.

120 ಕೆಜಿಯ ಕುಂಟೆಗೆ ಇದನ್ನು ಹಚ್ಚಿ ನೋಡಬಹುದು. ಮರಳುಗೋಡಿನಲ್ಲಿ ಬೇಕಾದ ಎಳೆತ 96 ಕೆಜಿ, ಗಾಡಿಗೆ ಆಟದಂತೆ. ಮೆಕ್ಕಲುಗೋಡಿನಲ್ಲಿ 144; ಸಡಿಲ ಮಣ್ಣಿನ 160ರ ಮಿತಿಗೆ ಹತ್ತಿರ ಬಂತು. ಜೇಡಿಯಲ್ಲಿ 180, ಹುಲ್ಲುನೆಲದ ಮೇಲಿನ ಮೊದಲ ಸುತ್ತು ಹೇಗೋ ಮುಗಿಯುತ್ತದೆ, ಎರಡನೆಯ ಸುತ್ತಿನಲ್ಲಿ ಗಾಲಿ ಜಾರುತ್ತದೆ. ಮಿಷಿಗನ್‌ನ ಉತ್ತರದ ಮರಳುನೆಲದಲ್ಲಿ 200 ಕೆಜಿಯವರೆಗೂ ಭಾರ ಹೇರಿ ಆರಾಮಾಗಿ ಉಳುವ ಗಾಡಿಯೇ ಅಲಬಾಮಾದ ಕೆಂಪು ಜೇಡಿಯಲ್ಲಿ ಬರಿಯ ಕುಂಟೆಯೊಂದಿಗೆ ಏದುಸಿರು ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಎಟಿವಿ ಕುಂಟೆಗಳು ಬಹುತೇಕ ನೂರು, ನೂರೈವತ್ತು ಕೆಜಿಯ ಆಸುಪಾಸಿನಲ್ಲೇ ಇರುವುದು ಕಬ್ಬಿಣ ಉಳಿಸುವ ಜಿಪುಣತನದಿಂದಲ್ಲ, ಈ ಲೆಕ್ಕದಿಂದ.

ಹಗ್ಗದ ಎರಡೂ ತುದಿಯಲ್ಲಿ ಒಂದಿಷ್ಟು ಹೊಂದಾಣಿಕೆಗೆ ಅವಕಾಶವಿದೆ. ಗಾಡಿಯ ಮುಂದಿನ, ಹಿಂದಿನ ಸರಳುತಟ್ಟಿಗಳ ಮೇಲೆ ಕೈಪಿಡಿ ಹೇಳಿದ ಮಿತಿಯೊಳಗೆ ಮರಳುಚೀಲ ಇಟ್ಟರೆ ಹಿಡಿತ ಏರುತ್ತದೆ. ಗಾಲಿಗೆ ಸರಪಳಿ ಸುತ್ತಿದರೂ ಏರುತ್ತದೆ. ಎಟಿವಿಯ ಗಾಲಿಯಲ್ಲಿ ಗಾಳಿಯ ಒತ್ತಡ 5ರಿಂದ 7 ಪಿಎಸ್‌ಐ ಮಾತ್ರ, ಕಾರಿನದಕ್ಕೆ ಹೋಲಿಸಿದರೆ ಐದನೇ ಒಂದು ಪಾಲಿನಷ್ಟು. ಅದಕ್ಕೇ ಅದು ನೆಲಕ್ಕೆ ಅಗಲವಾಗಿ ಅಂಟಿಕೊಳ್ಳುತ್ತದೆ. ಅತ್ತ ಕುಂಟೆಯ ತಟ್ಟೆಗಳ ಓರೆಯನ್ನು ಮೊದಲ ಸುತ್ತಿಗೆ ಕಡಿಮೆ ಇಟ್ಟು ಹುಲ್ಲಿನ ಚಾಪೆಯನ್ನು ಕತ್ತರಿಸಬೇಕು, ಆಮೇಲಿನ ಸುತ್ತುಗಳಲ್ಲಿ ಓರೆ ಹೆಚ್ಚಿಸುತ್ತ ಮಣ್ಣನ್ನು ಮಗುಚಬೇಕು. ಟ್ರ್ಯಾಕ್ಟರು ಒಂದೇ ಸಲಕ್ಕೆ ತೆಗೆಯುವ ಆಳವನ್ನು ಎಟಿವಿ ಐದಾರು ಸುತ್ತಿನಲ್ಲಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಓಡಿ ತೆಗೆಯುತ್ತದೆ. ಕೊನೆಗೆ ದಕ್ಕುವುದು ಏಳೆಂಟು, ಹೆಚ್ಚೆಂದರೆ ಹತ್ತು ಸೆಂಟಿಮೀಟರ್.

ಎಳೆಯುವಾಗ ಗಿಯರು ಕೆಳಗಿನದೇ ಇರಬೇಕು. ಬಹುತೇಕ ಎಟಿವಿಗಳಲ್ಲಿ ಶಕ್ತಿಯನ್ನು ಗಾಲಿಗೆ ಒಯ್ಯುವುದು ಒಂದು ರಬ್ಬರ್ ಪಟ್ಟಿ. ಮೇಲಿನ ಗಿಯರಿನಲ್ಲಿ ನಿಧಾನಕ್ಕೆ ಜೋರಾಗಿ ಎಳೆದರೆ ಅದು ಜಾರಿ, ಬಿಸಿಯಾಗಿ, ಸುಟ್ಟ ವಾಸನೆ ಹೊಡೆಯುತ್ತದೆ. ಕೊಕ್ಕೆಯನ್ನು ಗಾಡಿಯ ಕೆಳಗಿನ ಕೊಂಡಿಗಲ್ಲದೆ ಮೇಲಿನ ಸರಳುತಟ್ಟಿಗೆ ಕಟ್ಟುವುದಂತೂ ಪ್ರಾಣಾಪಾಯದ ಕೆಲಸ. ಕುಂಟೆ ಬೇರಿಗೆ ಸಿಕ್ಕಿಕೊಂಡ ಕ್ಷಣ ಎಳೆತ ಅಚ್ಚಿಗಿಂತ ಮೇಲಿದ್ದರೆ ಗಾಡಿಯ ಮೂತಿ ಎದ್ದು, ಗಾಡಿ ಸವಾರನ ಮೇಲೆಯೇ ಹಿಮ್ಮುಖವಾಗಿ ಮಗುಚುತ್ತದೆ.

ಬಲಕ್ಕಿಂತ ಬೆದೆ

ಹಗುರ ಗಾಡಿಯವರಿಗೆ ಎಲ್ಲಕ್ಕಿಂತ ಅಗ್ಗದ ಸಹಾಯ ಮಳೆಯದು. ಒಣಗಿದ ಮಣ್ಣಿನ ಕಣಗಳು ಬಿಗಿಯಾಗಿ ಅಂಟಿ ಇಟ್ಟಿಗೆಯಾಗಿರುತ್ತವೆ. ನೆನೆದಾಗ ಕಣಗಳ ನಡುವೆ ನೀರು ಸೇರಿ ಅಂಟು ಸಡಿಲುತ್ತದೆ. ಇನ್ನೂ ನೆನೆದರೆ ಮಣ್ಣು ಕಣಕದಂತೆ ಮೆತ್ತಗಾಗುತ್ತದೆ. ಆಗ ಉತ್ತರೆ ತಟ್ಟೆ ಅದನ್ನು ಒಡೆಯದೆ ಸವರಿ ಲೇಪಿಸುತ್ತದೆ, ಒಣಗಿದ ಮೇಲೆ ಅದು ಹೆಂಟೆ ಕಟ್ಟುತ್ತದೆ. ಇವೆರಡರ ನಡುವಿನ ಒಂದೆರಡು ದಿನದ ಹದವನ್ನೇ ಕನ್ನಡದ ರೈತ ಬೆದೆ ಎನ್ನುವುದು. ಅದರ ಪರೀಕ್ಷೆ ಎಲ್ಲ ಊರಲ್ಲೂ ಒಂದೇ: ಹಿಡಿ ಮಣ್ಣು ತೆಗೆದು ಅದುಮಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು.

ಹುಲ್ಲಿನ ಬೇರು ಇನ್ನೊಂದು ತಡೆ. ಬೇರಿನ ಜಾಲ ಬದುಕಿರುವಾಗ ಮಣ್ಣು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಚಿಗುರಿದಾಗ ಕಳೆನಾಶಕ ಹೊಡೆದು ಎರಡು ವಾರ ಬಿಟ್ಟರೆ ಆ ಹೆಣಿಗೆ ಸಡಿಲುತ್ತದೆ ಎಂಬುದು ಅಲ್ಲಿ ಬಳಕೆಯಲ್ಲಿರುವ ಕ್ರಮ. ವಿಷ ಬೇಡವೆನ್ನುವವರು ಹಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಉಳುತ್ತಾರೆ.

ಸುಣ್ಣದ ಮಾತನ್ನೂ ಇಲ್ಲೇ ಮುಗಿಸಬಹುದು. ಅಮೆರಿಕದ ಪೂರ್ವದ ಕಾಡುಮಣ್ಣು ಹುಳಿಯದು, ಪಿಎಚ್ 5ರ ಸುತ್ತ. ಕ್ಲೋವರ್‌ಗೆ ಬೇಕಾದದ್ದು 6ರಿಂದ 7. ಮಣ್ಣು ಪರೀಕ್ಷೆ ಮಾಡಿಸಿದರೆ ಎಕರೆಗೆ ಒಂದೆರಡು ಟನ್ ಸುಣ್ಣಕಲ್ಲಿನ ಪುಡಿ ಹಾಕಿ ಎಂಬ ಉತ್ತರ ಬರುವುದು ಸಾಮಾನ್ಯ. ಅರ್ಧ ಎಕರೆಗೆ ಒಂದು ಟನ್ ಎಂದರೂ 20 ಕೆಜಿಯ 50 ಚೀಲಗಳನ್ನು ಎಟಿವಿಯಲ್ಲಿ ಕಾಡಿಗೆ ಸಾಗಿಸಬೇಕು. ಪುಡಿ ಕರಗಿ ಹುಳಿ ತಗ್ಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಬೀಜಕ್ಕೂ ಗೊಬ್ಬರಕ್ಕೂ ಧಾರಾಳವಾಗಿ ಖರ್ಚು ಮಾಡಿ ಸುಣ್ಣವನ್ನು ಮರೆತವರ ತಾಕು ಎರಡೇ ವರ್ಷದಲ್ಲಿ ಕಳೆಯ ಪಾಲಾಗುತ್ತದೆ.

ಗಾಲಿಯನ್ನು ನಂಬದ ಯಂತ್ರ

ಲಾಯದಲ್ಲಿ ಕಟ್ಟಿಹಾಕಿದ ಕುದುರೆಗಳನ್ನು ಗಾಲಿಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮಣ್ಣಿಗೆ ಇಳಿಸಲು ಸಾಧ್ಯವಿಲ್ಲವೇ? ಟ್ರ್ಯಾಕ್ಟರಿನಲ್ಲಿ ಸಾಧ್ಯ. ಅದರ ಬೆನ್ನಿಗಿರುವ ತಿರುಗುದಂಡ, ಅಂದರೆ ಪಿಟಿಒ, ಎಂಜಿನ್ನಿನ ಶಕ್ತಿಯನ್ನು ನೇರವಾಗಿ ರೋಟವೇಟರಿನ ಅಲಗುಗಳಿಗೆ ಕೊಡುತ್ತದೆ. ಸಾಮಾನ್ಯ ಎಟಿವಿಗೆ ಆ ದಂಡವಿಲ್ಲ. ಆದ್ದರಿಂದ ಎಟಿವಿಗೆ ಕಟ್ಟುವ ರೋಟರಿ ಟಿಲ್ಲರುಗಳು ತಮ್ಮದೇ ಎಂಜಿನ್ ಹೊತ್ತು ಬರುತ್ತವೆ. ಅಲಗುಗಳು ಗಾಡಿ ಹೋಗುವ ದಿಕ್ಕಿಗೇ ಉರುಳುತ್ತ ಮಣ್ಣನ್ನು ಹಿಂದಕ್ಕೆ ಒದೆಯುವುದರಿಂದ ಟಿಲ್ಲರು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ, ಎಳೆತದ ಸಮಸ್ಯೆಯೇ ಏಳುವುದಿಲ್ಲ. ಗದ್ದೆಯಲ್ಲಿ ಪವರ್ ಟಿಲ್ಲರ್ ಹಿಡಿದು ಓಡಿದವರಿಗೆ ಆ ತಳ್ಳುವಿಕೆಯ ಅನುಭವವಿದೆ.

ಬೆಲೆ ಹೆಚ್ಚು, ಕಲ್ಲು ಸಿಕ್ಕರೆ ಅಲಗು ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಮಣ್ಣನ್ನು ಹಿಟ್ಟು ಮಾಡಿಬಿಡುತ್ತದೆ. ಹಿಟ್ಟಿನಂಥ ಮಣ್ಣು ಕಣ್ಣಿಗೆ ಚೆಂದ. ಒಂದು ಬಿರುಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟಿ, ಮೊಳಕೆ ತಲೆ ಎತ್ತಲಾಗದ ಮುಚ್ಚಳವಾಗುತ್ತದೆ.

ಆಳ ಉಳದಿರುವುದೇ ಒಳ್ಳೆಯದು

ಎಟಿವಿಯ ದೌರ್ಬಲ್ಯದಲ್ಲಿ ಒಂದು ಲಾಭ ಅಡಗಿದೆ. ಮಣ್ಣಿನ ಕೆಳಪದರಗಳಲ್ಲಿ ಕಳೆಗಳ ಬೀಜ ವರ್ಷಗಟ್ಟಲೆ ನಿದ್ರಿಸುತ್ತಿರುತ್ತದೆ. ಎಷ್ಟು ವರ್ಷ ಎಂದು ತಿಳಿಯಲು ಮಿಷಿಗನ್ ಕೃಷಿ ಕಾಲೇಜಿನ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್ 1879ರಲ್ಲಿ ಇಪ್ಪತ್ತು ಸೀಸೆಗಳಲ್ಲಿ ಮರಳಿನ ಜೊತೆ ಕಳೆಬೀಜ ತುಂಬಿ ಹೂತಿಟ್ಟರು. ಗೊತ್ತುಪಡಿಸಿದ ಅಂತರದಲ್ಲಿ ಒಂದೊಂದೇ ಸೀಸೆಯನ್ನು ತೆಗೆದು ಬಿತ್ತುವ ಕೆಲಸ ತಲೆಮಾರುಗಳನ್ನು ದಾಟಿ ಇಂದಿಗೂ ನಡೆದಿದೆ. 2021ರಲ್ಲಿ ತೆಗೆದ ಸೀಸೆಯಲ್ಲೂ ಬೀಜ ಮೊಳೆತವು. ಅಷ್ಟು ಹೊತ್ತಿಗೆ ಅವು ಮಣ್ಣಿನಲ್ಲಿ 142 ವರ್ಷ ಕಳೆದಿದ್ದವು.

ಇಂಥ ಎಷ್ಟೋ ಬೀಜಗಳಿಗೆ ಏಳುವ ಸೂಚನೆ ಬೆಳಕು. ಉಳುಮೆ ಅವನ್ನು ಮೇಲಕ್ಕೆ ತಂದು ಕ್ಷಣಕಾಲ ಬಿಸಿಲು ತೋರಿಸಿದರೂ ಸಾಕು, ಎದ್ದುಬಿಡುತ್ತವೆ. ಆಳಕ್ಕೆ ಉತ್ತಷ್ಟೂ ಹೊಸ ನಿದ್ರಾಳುಗಳು ಎದ್ದು ಬರುತ್ತಾರೆ. ಮೇಲಿನ ಐದಾರು ಸೆಂಟಿಮೀಟರ್ ಮಾತ್ರ ಕೆದಕಿದರೆ ಅಲ್ಲಿಯ ಕಳೆ ಒಂದೆರಡು ಸುತ್ತಿಗೆ ಖರ್ಚಾಗುತ್ತದೆ. ಓಹಾಯೋದ ಎಡ್ವರ್ಡ್ ಫಾಕ್ನರ್ 1943ರಲ್ಲಿ ‘ಪ್ಲೌಮನ್ಸ್ ಫಾಲಿ’ ಎಂಬ ಪುಸ್ತಕ ಬರೆದು ಮಣ್ಣನ್ನು ಬುಡಮೇಲು ಮಾಡುವ ರೆಕ್ಕೆ ನೇಗಿಲೇ ತಪ್ಪು, ತಟ್ಟೆ ಕುಂಟೆ ಸಾಕು ಎಂದು ವಾದಿಸಿದಾಗ ದೊಡ್ಡ ಗದ್ದಲವೆದ್ದಿತ್ತು. ಅವರ ವಾದವೆಲ್ಲ ನಿಲ್ಲಲಿಲ್ಲ. ಆದರೆ ಮೇವಿನ ತಾಕಿನ ಮಟ್ಟಿಗೆ ಅದು ನಿಂತಿದೆ.

ಗಾಲಿಜಾಡಿನ ಹಸಿರು

ತಾಕು ಮಾಡುವವರು ಬಿತ್ತಿದ ವಾರದ ಮೇಲೆ ಹೋಗಿ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಮೃದುವಾಗಿ ಹರವಿದ ಮಣ್ಣಿನಲ್ಲಿ ಮೊಳಕೆ ಅಲ್ಲೊಂದು ಇಲ್ಲೊಂದು. ಎಟಿವಿ ಹೊರಡುವಾಗ ತುಳಿದುಹೋದ ಗಾಲಿಜಾಡಿನಲ್ಲಿ ಎರಡು ದಟ್ಟ ಹಸಿರು ಗೆರೆ! ಮನೆಯ ಹಿತ್ತಲಿನಲ್ಲೂ ಇದನ್ನು ಕಂಡವರಿದ್ದಾರೆ. ಕೊತ್ತಂಬರಿ ಚೆಲ್ಲಿದ ಮಡಿಯಲ್ಲಿ ಕಾಲಿಟ್ಟ ಗುರುತಿನಲ್ಲೇ ಸೊಂಪು ಹೆಚ್ಚು.

ಮೊಳೆಯುವ ಮುನ್ನ ಬೀಜ ನೀರು ಕುಡಿಯಬೇಕು. ಮೆಕ್ಕೆಜೋಳದ ಕಾಳು ತನ್ನ ತೂಕದ ಶೇಕಡಾ 30ರಷ್ಟು, ಸೋಯಾ ಅವರೆ ಶೇಕಡಾ 50ರಷ್ಟು ನೀರು ಹೀರಿದ ಮೇಲೇ ಮೊಳೆಯುವುದು. ಮಳೆ ನಿಂತ ಮರುದಿನದಿಂದ ಆ ನೀರು ಬರಬೇಕಾದದ್ದು ಕೆಳಗಿನ ತೇವದಿಂದ. ನೀರು ಮೇಲೇರುವ ಬಗೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ: ಒಂದಕ್ಕೊಂದು ತಾಗಿಕೊಂಡ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ತಾನಾಗಿ ಹತ್ತುತ್ತದೆ. ಪಠ್ಯಪುಸ್ತಕಗಳು ಇದನ್ನು ಕೇಶಾಕರ್ಷಣೆ ಎನ್ನುತ್ತವೆ. ಬತ್ತಿಸೆಳೆತ ಎಂದರೂ ಸರಿಯೇ. ಸಂದು ದೊಡ್ಡದಾದರೆ ಬತ್ತಿ ಕಡಿದಂತೆ. ಉತ್ತು ಸಡಿಲ ಮಾಡಿದ ಮಣ್ಣಿನಲ್ಲಿ ಆಗುವುದು ಅದೇ: ಬೀಜದ ಸುತ್ತ ಮಣ್ಣಿಗಿಂತ ಗಾಳಿಯೇ ಹೆಚ್ಚು. ಉತ್ತರ ಕರ್ನಾಟಕದ ಒಣಬೇಸಾಯದಲ್ಲಿ ಮಳೆಯ ನಂತರ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸುವುದು ಬೇಕೆಂದೇ ಈ ಬತ್ತಿಯನ್ನು ಕಡಿಯಲು, ಹಸಿ ಮೇಲೆ ಬಂದು ಆರದಿರಲಿ ಎಂದು. ಬೆಳೆದ ಪೈರಿಗೆ ವರವಾದ ಅದೇ ಕೆಲಸ ಮೇಲ್ಪದರದಲ್ಲಿರುವ ಸಣ್ಣ ಬೀಜಕ್ಕೆ ಶಾಪ.

ಗಾಲಿ ತುಳಿದಲ್ಲಿ ಕಣಗಳು ಒತ್ತರಿಸಿ ಬತ್ತಿ ಮತ್ತೆ ಕೂಡುತ್ತದೆ. ಇಡೀ ತಾಕನ್ನು ಗಾಲಿಜಾಡು ಮಾಡುವ ಉಪಕರಣವೇ ಕಲ್ಟಿಪ್ಯಾಕರ್, ಅದುಮುರುಳೆ. ಅಂಚಿನಲ್ಲಿ ಏಣುಗಳಿರುವ ಎರಕದ ಗಾಲಿಗಳನ್ನು ಒಂದು ದಂಡಕ್ಕೆ ಪೋಣಿಸಿದರೆ ಅದು ಸಿದ್ಧ. ಅದು ಹೆಂಟೆ ಒಡೆಯುತ್ತದೆ, ಗಾಳಿಯ ಗೂಡುಗಳನ್ನು ಮುಚ್ಚುತ್ತದೆ, ಮೇಲೆ ಸಣ್ಣ ಸಾಲುಗಳನ್ನು ಬಿಡುತ್ತದೆ. ಭಾರವಿದ್ದರೂ ಉರುಳುವ ವಸ್ತುವಾದ್ದರಿಂದ ಎಟಿವಿಗೆ ಎಳೆಯುವುದು ಸುಲಭ. ತಾಕಿನ ಉಪಕರಣಗಳಲ್ಲಿ ಒಂದನ್ನು ಮಾತ್ರ ಕೊಳ್ಳಲು ಹಣವಿದ್ದರೆ ಜನ ತಟ್ಟೆ ಕುಂಟೆಯನ್ನು ಕೊಳ್ಳುತ್ತಾರೆ. ಕುಂಟೆ ಬಾಡಿಗೆಗೆ ತಂದು ಉರುಳೆ ಕೊಳ್ಳುವುದು ಜಾಣತನ.

ಸಾಕಷ್ಟು ಅದುಮಿದೆಯೇ ಎಂದು ನೋಡಲು ಬೂಟುಗಾಲೇ ಅಳತೆಗೋಲು. ನಡೆದರೆ ಹೆಜ್ಜೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಹೂಳಬಾರದು.

ಮರಳಿನ ಕಣದಂಥ ಬೀಜ

ಬಿಳಿ ಕ್ಲೋವರ್‌ನ ಒಂದು ಕಿಲೋ ಬೀಜದಲ್ಲಿ ಸುಮಾರು 17 ಲಕ್ಷ ಬೀಜಗಳಿರುತ್ತವೆ. ಒಂದು ಎಕರೆಗೆ ಮೂರು ನಾಲ್ಕು ಕಿಲೋ ಸಾಕು. ಅಷ್ಟು ಸಣ್ಣ ಬೀಜದೊಳಗೆ ತುಂಬಿಟ್ಟ ಬುತ್ತಿಯೂ ಅಷ್ಟೇ ಸಣ್ಣದು. ಬೆಳಕು ಕಾಣುವ ಮೊದಲೇ ಬುತ್ತಿ ಮುಗಿದರೆ ಮೊಳಕೆ ಮಣ್ಣಿನಡಿಯೇ ಸಾಯುತ್ತದೆ. ಆದ್ದರಿಂದ ಅದನ್ನು ಬಿತ್ತಬೇಕಾದ ಆಳ ಆರು ಮಿಲಿಮೀಟರ್ ಮೀರಬಾರದು. ಗೋಧಿ, ಓಟ್ಸ್‌ಗಳು ಎರಡು ಮೂರು ಸೆಂಟಿಮೀಟರ್ ಆಳದಿಂದಲೂ ಎದ್ದು ಬರುತ್ತವೆ.

ಇದರಿಂದ ಕೆಲಸದ ಸರದಿ ತಾನಾಗಿ ನಿರ್ಧಾರವಾಗುತ್ತದೆ. ದೊಡ್ಡ ಬೀಜವಾದರೆ ಉತ್ತ ನೆಲಕ್ಕೆ ಎರಚಿ, ತಟ್ಟೆಗಳನ್ನು ನೇರ ಮಾಡಿ ಹಗುರವಾಗಿ ಒಮ್ಮೆ ಎಳೆದು, ಮೇಲೆ ಉರುಳೆ ಹಾಯಿಸುವುದು. ಸಣ್ಣ ಬೀಜವಾದರೆ ಮೊದಲೇ ಉರುಳೆ ಹಾಯಿಸಿ ನೆಲ ಗಟ್ಟಿ ಮಾಡಿ, ಅದರ ಸಣ್ಣ ಸಾಲುಗಳ ಮೇಲೆ ಬೀಜ ಎರಚಿ, ಮತ್ತೊಮ್ಮೆ ಉರುಳೆ ಹಾಯಿಸುವುದು. ಎರಡನೆಯ ಸಲ ಸಾಲುಗಳ ಏಣು ಕುಸಿದು ಬೀಜವನ್ನು ತೆಳುವಾಗಿ ಮುಚ್ಚುತ್ತದೆ. ಸಣ್ಣ ಬೀಜ ಎರಚಿದ ಮೇಲೆ ತಟ್ಟೆ ಕುಂಟೆ ಎಳೆದರೆ ಅರ್ಧಕ್ಕರ್ಧ ಬೀಜ ಗೋರಿ ಸೇರಿದಂತೆಯೇ. ಕ್ಲೋವರ್ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಬಿತ್ತುವ ದಿನವೇ ಬೀಜಕ್ಕೆ ಲೇಪಿಸಬೇಕು. ಹೊಸ ನೆಲದಲ್ಲಿ ಅದು ಇರುವ ಭರವಸೆಯಿಲ್ಲ.

ಒಳ್ಳೆಯ ಬಿಳಿ ಕ್ಲೋವರ್ ತಾಕು ಮೂರರಿಂದ ಐದು ವರ್ಷ ಬಾಳುತ್ತದೆ. ತೆಳುವಾದಾಗ ಅದನ್ನು ಮತ್ತೆ ತುಂಬಲು ಉತ್ತರದ ರಾಜ್ಯಗಳಲ್ಲಿ ಯಾವ ಕುಂಟೆಯನ್ನೂ ಕಟ್ಟುವುದಿಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ, ಮಂಜು ಕರಗಿದ ಮೇಲೆ, ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಿರುತ್ತವೆ. ಹೆಪ್ಪುಗಟ್ಟುವ ನೀರು ಹಿಗ್ಗಿ ಮೇಲ್ಮಣ್ಣನ್ನು ಜೇನುಗೂಡಿನಂತೆ ಬಿರಿಸುತ್ತದೆ. ಬಿಸಿಲೇರಿದಾಗ ಅದು ಕುಸಿದು ಮುಚ್ಚಿಕೊಳ್ಳುತ್ತದೆ. ಬೆಳಗಿನ ಜಾವ ಕುತ್ತಿಗೆಗೆ ಚೀಲ ನೇತುಹಾಕಿ, ಕೈಯಿಂದ ಹಿಡಿ ತಿರುಗಿಸುವ ಎರಚುಯಂತ್ರದಲ್ಲಿ ಬೀಜ ಚೆಲ್ಲಿ ಬಂದರೆ ಬಿರುಕಿನೊಳಗೆ ಬಿದ್ದ ಬೀಜವನ್ನು ಆ ನೆಲವೇ ಮುಚ್ಚಿ, ಅದುಮಿ, ನೀರುಣಿಸುತ್ತದೆ. ಕ್ಲೋವರ್‌ನಂಥ ಸಣ್ಣ ಬೀಜಕ್ಕೆ ಇಷ್ಟೇ ಸಾಕು, ಓಟ್ಸ್‌ಗೆ ಸಾಲದು.